ಬೂದನಿಗೆ ಮೂರು ಪರೀಕ್ಷೆ

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ, ಬೆಳ್ಗೊಡೆ ಎಂಬುದೊಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಯಾರೂ ಯಾರನ್ನೂ ನಂಬುತ್ತಿರಲಿಲ್ಲ.

ಅದಕ್ಕೆ ಕಾರಣ ಕಂಕಾಳನೆಂಬ ಮಾಯಾವಿ. ಅವನು ಯಾರ ಮುಖವನ್ನು ಬೇಕಾದರೂ ಕದ್ದು ತೊಡುತ್ತಿದ್ದ. ಮುಖ ಕಳೆದುಕೊಂಡವರು ಅವನ ಕೋಟೆಯ ಅಂಗಳದಲ್ಲಿ ಕಲ್ಲಾಗಿ ನಿಲ್ಲುತ್ತಿದ್ದರು. ಅರಸ ಚಿತ್ರಸೇನ ದಂಡೆತ್ತಿ ಹೋಗಿ ಕೋಟೆಯನ್ನು ಸುಟ್ಟ. ಕೋಟೆ ಉರಿಯಿತು, ಕಂಕಾಳ ಸಿಗಲಿಲ್ಲ. ಈಗ ಯಾವ ಮುಖ ತೊಟ್ಟು ಯಾವ ಮನೆಯಲ್ಲಿ ಕೂತಿದ್ದಾನೋ ಯಾರಿಗೆ ಗೊತ್ತು? ಗಂಡ ಹೆಂಡತಿಯನ್ನು ಓರೆಗಣ್ಣಿನಲ್ಲಿ ನೋಡಿದ. ಸೊಸೆ ಬಡಿಸಿದ್ದನ್ನು ಅತ್ತೆ ಮೂಸಿ ನೋಡಿ ಉಂಡಳು.

ಊರಾಚೆ ಸಾತವ್ವ ಎಂಬ ಹೆಂಗಸು ನೂಲಿಗೆ ಬಣ್ಣ ಹಾಕಿ ಬದುಕುತ್ತಿದ್ದಳು. ಅವಳಿಗೆ ಮೂರು ನಾಯಿಗಳು. ಕೆಂಚಿ ಕಿವುಡಿ, ಮುದುಕಿ. ಗುಂಡ ಹೊಟ್ಟೆಬಾಕ. ಹುಲಿಯ ತನ್ನ ನೆರಳಿನ ಜೊತೆಗೂ ಜಗಳ ತೆಗೆಯುವವನು. ಒಂದು ದಿನ ಬಣ್ಣದ ಬೇರು ಅಗೆಯಲು ಹೋದವಳು ಸುಟ್ಟ ಕೋಟೆಯ ಬೂದಿಯಲ್ಲಿ ನಾಲ್ಕನೆಯದನ್ನು ಕಂಡಳು. ಕೊರಳಲ್ಲಿ ಸರಪಳಿ ಮಾಂಸದೊಳಕ್ಕೆ ಇಳಿದಿತ್ತು. ಬೆನ್ನ ಮೇಲೆ ಬರೆಗಳು. ಸೆರಗಿನಲ್ಲಿ ಸುತ್ತಿ ಹೊತ್ತು ತಂದಳು, ಬೂದ ಎಂದು ಕರೆದಳು.

ನೆರೆಮನೆಯ ಬಾಳವ್ವ ಬೇಲಿಯ ಆಚೆಯೇ ನಿಂತು ಕೇಳಿದಳು, "ಸಾತಕ್ಕ, ಮಾಯಾವಿಯ ನಾಯಿನ ಮನೆಗೆ ತಂದ್ಯಲ್ಲ, ಅದೇ ಕಂಕಾಳ ಆಗಿದ್ರೆ ಏನ್ ಮಾಡ್ತೀಯ?"

"ಮನುಷ್ಯರ ಮುಖ ಬಿಟ್ಟು ನಾಯಿ ಮುಖ ಯಾಕೆ ತೊಡ್ತಾನೆ?"

"ಯಾರೂ ಅನುಮಾನ ಪಡಲ್ಲ ಅಂತ."

ಆ ಮಾತು ಸಾತವ್ವನ ಎದೆಯಲ್ಲಿ ಮುಳ್ಳಾಗಿ ನಾಟಿತು. ಬೂದ ಯಾರ ಕೈಯಿಂದಲೂ ತಿನ್ನುತ್ತಿರಲಿಲ್ಲ, ಯಾರಾದರೂ ನೋಡುತ್ತಿದ್ದರೆ ತಟ್ಟೆಯ ಹತ್ತಿರವೂ ಬರುತ್ತಿರಲಿಲ್ಲ. ಪೊರಕೆ ಎತ್ತಿದರೆ ಸಾಕು, ಒಲೆಯ ಹಿಂದೆ ನುಸುಳುತ್ತಿತ್ತು. ಅಲ್ಲಿಂದ ಅವಳನ್ನೇ ದಿಟ್ಟಿಸುತ್ತಿತ್ತು. ಅವಳೂ ಅದನ್ನೇ ದಿಟ್ಟಿಸುತ್ತಿದ್ದಳು. ಗಾಯಕ್ಕೆ ಅರಿಶಿನ ಹಚ್ಚುವಾಗಲೂ, 'ಈ ಕಣ್ಣಿನ ಹಿಂದೆ ಇರೋದು ನಾಯಿನೋ, ಅವನೋ' ಎಂದು ಯೋಚಿಸುತ್ತಿದ್ದಳು. ಆದರೂ ಹಚ್ಚಿದಳು.

ಸುದ್ದಿ ಅರಮನೆ ಮುಟ್ಟಿತು. ಎಲೆಗುಡಿಸಲಿನ ಅಯ್ಯನವರು ಅರಸನ ಬಳಿಗೆ ಬಂದರು. ಅಯ್ಯನವರೆಂದರೆ ಊರೆಲ್ಲ ಕೈಮುಗಿಯುವ ಸಾಧು, ರಾಜ್ಯದಲ್ಲಿ ಅನುಮಾನಕ್ಕೆ ಸಿಗದೆ ಉಳಿದ ಒಬ್ಬರೇ ಮನುಷ್ಯ. "ಪ್ರಭು, ಮಾಯಾವಿ ಉಪ್ಪು ತಿನ್ನಲಾರ, ದೇವರ ಗಂಟೆ ಕೇಳಿದರೆ ಅವನ ವೇಷ ನಿಲ್ಲದು ಎಂದು ಹಿರಿಯರೆಲ್ಲ ಬಲ್ಲರು. ಆ ಎರಡನ್ನೂ ನೋಡೋಣ. ಸಾಧುವಿನ ಕರೆಗೆ ಮಾಯಾವಿ ಬರಲಾರ, ಹಾಗಾಗಿ ಮೂರನೆಯದಕ್ಕೆ ಅದು ನನ್ನ ಕೈಗೆ ಬರಲಿ. ಸೋತರೆ ಉರಿಯುವ ಸುಣ್ಣದ ಗೂಡಿಗೆ ಹಾಕಿಸಿ," ಎಂದರು.

ಮರುದಿನ ಬೆಳಿಗ್ಗೆ ಅರಮನೆಯ ಅಂಗಳ ತುಂಬಿಹೋಯಿತು. ಸಾತವ್ವ ನಾಲ್ಕೂ ನಾಯಿಗಳನ್ನು ಕರೆದುಕೊಂಡು ಬಂದಳು.

ಮೊದಲನೆಯದು ಉಪ್ಪು. ಉಪ್ಪು ಕಲಸಿದ ಅನ್ನದ ಉಂಡೆಯನ್ನು ಬೂದನ ಮುಂದೆ ಇಟ್ಟರು. ಬೂದ ಮುಟ್ಟಲಿಲ್ಲ. "ನೋಡಿದ್ರಾ," ಎಂದು ಜನ ಗುಜುಗುಜು ಮಾಡಿದರು.

"ಪ್ರಭು, ಅದು ಯಾರ ಎದುರಿಗೂ ತಿನ್ನಲ್ಲ. ಒಂದು ಗಳಿಗೆ ಎಲ್ಲರೂ ಬೆನ್ನು ತಿರುಗಿಸ್ಬೇಕು," ಎಂದಳು ಸಾತವ್ವ.

ಅರಸ ಹುಬ್ಬು ಗಂಟಿಕ್ಕಿದ. ಆಮೇಲೆ ಸಿಂಹಾಸನದಿಂದ ಎದ್ದು, ತಾನೇ ಮೊದಲು ಬೆನ್ನು ತಿರುಗಿಸಿದ. ಮಂತ್ರಿ ತಿರುಗಿದ, ಸೇನಾಪತಿ ತಿರುಗಿದ, ಊರಿಗೂರೇ ತಿರುಗಿ ಗೋಡೆ ನೋಡುತ್ತ ನಿಂತಿತು. ಮತ್ತೆ ಇತ್ತ ತಿರುಗಿದಾಗ ಉಂಡೆ ಇರಲಿಲ್ಲ. ಗುಂಡ ಸಾತವ್ವನ ಕಂಕುಳಲ್ಲಿ ಸಿಕ್ಕಿಕೊಂಡು ಒದ್ದಾಡುತ್ತಿದ್ದ. ಬೂದ ಮೂತಿ ನೆಕ್ಕಿಕೊಳ್ಳುತ್ತಿತ್ತು.

ಎರಡನೆಯದು ಗಂಟೆ. ಕಂಚಿನ ದೊಡ್ಡ ಗಂಟೆ ಢಣ್ ಎಂದಿತು. ಬೂದ ನೆಲಕ್ಕೆ ಕುಸಿದು ಗಡಗಡ ನಡುಗಿತು. "ಬಣ್ಣ ಬಯಲಾಗ್ತದೆ ನೋಡಿ," ಎಂದ ಒಬ್ಬ. ಏನೂ ಕೇಳಿಸದ ಕೆಂಚಿ ಆಕಳಿಸುತ್ತ ಹೋಗಿ ಅದರ ಪಕ್ಕದಲ್ಲೇ ಕಾಲು ಚಾಚಿ ಮಲಗಿದಳು. ಬೂದ ಅವಳ ಬೆನ್ನಿನ ಮೇಲೆ ತಲೆಯಿಟ್ಟಿತು. ಗಂಟೆ ಮತ್ತೆ ಹೊಡೆಯಿತು, ಮಗದೊಮ್ಮೆ ಹೊಡೆಯಿತು. ನಾಯಿ ನಾಯಿಯಾಗಿಯೇ ಉಳಿಯಿತು.

ಮೂರನೆಯದಕ್ಕೆ ಅಯ್ಯನವರು ಎದ್ದರು. ನಗುತ್ತ ಕೈ ಚಾಚಿ, "ಬಾ," ಎಂದರು.

ಬೂದ ಬಂತು. ಹೊಟ್ಟೆಯನ್ನು ನೆಲಕ್ಕೆ ತೀಡುತ್ತ, ಬಾಲ ಅಲ್ಲಾಡಿಸುತ್ತ, ನೇರವಾಗಿ ಅವರ ಪಾದದ ಬಳಿ ಹೋಗಿ ಅಂಗಾತ ಬಿತ್ತು. ಜನ ಉಸಿರು ಬಿಟ್ಟರು. "ಸಾಧುಗಳ ಮುಂದೆ ಮೂಕಪ್ರಾಣಿನೂ ಬಾಗುತ್ತೆ," ಎಂದು ಬಾಳವ್ವ ಕಣ್ಣೊರೆಸಿಕೊಂಡಳು.

"ಇದು ಬರೀ ನಾಯಿ," ಎಂದರು ಅಯ್ಯನವರು. "ಆದರೂ ನಿಮ್ಮ ಅನುಮಾನ ಪೂರ್ತಿ ಹೋಗಲಿ. ನನ್ನ ಗುಡಿಸಲಿನಲ್ಲೇ ಇಟ್ಟುಕೊಳ್ಳುತ್ತೇನೆ."

ಸಾತವ್ವನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಇಷ್ಟು ದಿನ ಅನ್ನ ಹಾಕಿದ ತನ್ನ ಕೈಗೆ ಬಾರದ್ದು ಇವರ ಕೈಗೆ ಕರೆದ ಕೂಡಲೇ ಹೋಯಿತಲ್ಲ ಎಂದು ಹೊಟ್ಟೆ ಉರಿಯಿತು. ಹೊಟ್ಟೆಕಿಚ್ಚಿಗೆ ಮನಸ್ಸು ಏನೇನೋ ಹೇಳುತ್ತದೆ ಎಂದು ತನ್ನನ್ನೇ ಗದರಿಕೊಂಡಳು. ಮತ್ತೊಮ್ಮೆ ನೋಡಿದಳು. ಬಾಲ ಅಲ್ಲಾಡುತ್ತಿದ್ದುದು ನಿಜ, ಆದರೆ ಹಿಂಗಾಲುಗಳ ಸಂದಿಯಲ್ಲಿ. ಬೂದನ ಕೆಳಗೆ ಹಾಸುಗಲ್ಲು ಒದ್ದೆಯಾಗಿತ್ತು. ಅಯ್ಯನವರು ಹರಸಲು ಕೈ ಎತ್ತಿದರು. ಪೊರಕೆ ಕಂಡರೆ ಓಡುವ ನಾಯಿ ಈಗ ಓಡಲಿಲ್ಲ, ಕಣ್ಣು ಮುಚ್ಚಿ ಪೆಟ್ಟಿಗಾಗಿ ಕಾಯಿತು.

ತಪ್ಪಿಸಿಕೊಳ್ಳುವ ಆಸೆ ಇದ್ದರೆ ತಾನೇ ನಾಯಿ ಓಡುವುದು? ಈ ಕೈಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲವೆಂದು ಅದಕ್ಕೆ ಮೊದಲೇ ಗೊತ್ತಿತ್ತು.

"ಪ್ರಭು," ಎಂದಳು ಸಾತವ್ವ. "ಅಯ್ಯನವರೂ ಒಂದು ತುತ್ತು ಉಪ್ಪಿನ ಅನ್ನ ತಿನ್ಲಿ."

ಜನ ರೇಗಿದರು. "ನಾಯಿ ಸಾಕಿ ತಲೆ ಕೆಟ್ಟಿದೆ ಇವಳಿಗೆ," ಎಂದರು.

ಅಯ್ಯನವರ ನಗು ಮಾಸಲಿಲ್ಲ. "ನಾನು ಉಪ್ಪು ಬಿಟ್ಟವನು, ತಾಯಿ. ವ್ರತ."

"ಹಾಗಿದ್ರೆ ಗಂಟೆಯ ಕೆಳಗೆ ಬಂದು ನಿಲ್ಲಿ. ಗಂಟೆಗೆ ಯಾವ ವ್ರತ?"

ಅಯ್ಯನವರು ಒಂದು ಹೆಜ್ಜೆ ಹಿಂದಿಟ್ಟರು. ಆ ಹೆಜ್ಜೆಯನ್ನು ಅರಸ ಕಂಡ. ಗಂಟೆಯವನಿಗೆ ಕಣ್ಸನ್ನೆ ಮಾಡಿದ. ಆಗ ಸಾತವ್ವನಿಗೆ ಹೊಳೆಯಿತು: ಇದುವರೆಗೆ ಗಂಟೆ ಹೊಡೆದಾಗಲೆಲ್ಲ ಅಯ್ಯನವರು ಜಪಕ್ಕೆ ಅಡ್ಡಿಯೆಂಬಂತೆ ಎರಡೂ ಕಿವಿ ಮುಚ್ಚಿಕೊಂಡಿದ್ದರು. ಅವಳು ಹೋಗಿ ಅವರ ಎರಡೂ ಕೈ ಹಿಡಿದುಕೊಂಡಳು.

ಗಂಟೆ ಒಮ್ಮೆ ಹೊಡೆಯಿತು. ಅಯ್ಯನವರ ಮುಖ ಹಸಿ ಮಣ್ಣಿನಂತೆ ಜಾರಿ ಬಿತ್ತು. ಎರಡನೆಯ ಸಲ ಹೊಡೆಯಿತು. ಕಾವಿ ಹರಿದು, ಎತ್ತಿನಷ್ಟು ಎತ್ತರದ ಕರಿಯ ತೋಳವೊಂದು ಸಾತವ್ವನನ್ನು ಕೆಡವಿ ಮೇಲೇರಿತು. ಹುಲಿಯ ಅದರ ಕಿವಿ ಕಚ್ಚಿದ, ಗುಂಡ ಕಾಲು ಹಿಡಿದ, ಕೆಂಚಿ ಇದ್ದ ನಾಲ್ಕೇ ಹಲ್ಲಿನಲ್ಲಿ ಬಾಲಕ್ಕೆ ಜೋತುಬಿದ್ದಳು. ಬೂದನಿಗೆ ಅಂಗಳದ ಬಾಗಿಲು ತೆರೆದೇ ಇತ್ತು. ಬೂದ ಬಾಗಿಲ ತನಕ ಓಡಿತು. ಅಲ್ಲಿ ನಿಂತಿತು. ತಿರುಗಿ ಬಂತು. ಸಾತವ್ವನ ತಲೆಯ ಬಳಿ ನಿಂತು ತೋಳದ ಮುಖಕ್ಕೆ ಬೊಗಳಿತು. ಅದು ಬೊಗಳಿದ್ದನ್ನು ಅವಳು ಕೇಳಿದ್ದು ಅದೇ ಮೊದಲು.

ತನ್ನ ನಾಯಿ ತನಗೇ ಬೊಗಳಿದ್ದು ಕೇಳಿ ಕಂಕಾಳ ಬೆಚ್ಚಿ ತಲೆಯೆತ್ತಿದ. ಸಾತವ್ವ ಪರೀಕ್ಷೆಗೆಂದು ತಂದಿಟ್ಟಿದ್ದ ಉಪ್ಪಿನ ಬುಟ್ಟಿಯನ್ನು ಅವನ ಬಾಯಿಗೇ ಸುರಿದಳು. ಗಂಟೆ ಮೂರನೆಯ ಸಲ ಹೊಡೆಯಿತು. ಅಲ್ಲಿ ಒಂದು ಹಿಡಿ ಮಸಿ ಬಿಟ್ಟು ಏನೂ ಉಳಿಯಲಿಲ್ಲ.

ಸುಟ್ಟ ಕೋಟೆಯ ಅಂಗಳದಲ್ಲಿ ಕಲ್ಲುಗಳು ಮೈಮುರಿದು ಎದ್ದವು. ನಿಜವಾದ ಅಯ್ಯನವರು ಮೊದಲು ಬಂದರು, ಹಸಿವು ಎಂದರು, ಉಪ್ಪಿನ ಅನ್ನವನ್ನೇ ಬಡಿಸಿಕೊಂಡು ಉಂಡರು. ಹೆಂಗಸರು ಗಂಡಸರು ಕಣ್ಣುಜ್ಜುತ್ತ ತಮ್ಮ ತಮ್ಮ ಮನೆಯ ದಾರಿ ಹಿಡಿದರು. ಅರಸ ಸಾತವ್ವನಿಗೆ ಏನು ಬೇಕೆಂದು ಕೇಳಿದ. ನಾಯಿಗಳ ಮೈ ತೊಳೆಯಲು ಹತ್ತಿರದಲ್ಲೊಂದು ಬಾವಿ ಎಂದಳು. ಬಾವಿ ತೋಡಿಸಿದ.

ಬೆಳ್ಗೊಡೆಯ ಜನ ನಿಧಾನವಾಗಿ ಒಬ್ಬರ ಮುಖ ಒಬ್ಬರು ನೋಡಿ ನಗುವುದನ್ನು ಕಲಿತರು. ಒಂದು ಮಧ್ಯಾಹ್ನ ಸಾತವ್ವ ಬಣ್ಣದ ಹಂಡೆಯ ಮುಂದೆ ಕೂತಿದ್ದಾಗ ಬೂದ ಬಂದು ಅವಳ ಪಾದದ ಮೇಲೆ ಗದ್ದವಿಟ್ಟು ನಿದ್ದೆಹೋಯಿತು. ಹಂಡೆ ಉಕ್ಕಿತು. ಕೆಂಪು ಬಣ್ಣವೆಲ್ಲ ಒಲೆಗೆ ಸುರಿದು ಹೋಯಿತು. ಬಾಳವ್ವ ಬೇಲಿ ದಾಟಿ ಓಡಿ ಬಂದು, "ಏಳೇ ಸಾತಕ್ಕ, ಬಣ್ಣ ಹೋಯ್ತಲ್ಲೇ," ಎಂದಳು.

ಸಾತವ್ವ ಬೆರಳನ್ನು ತುಟಿಗೆ ಒತ್ತಿ ಬೂದನನ್ನು ತೋರಿಸಿದಳು. ಕಾಲು ಕದಲಿಸಲಿಲ್ಲ. ಆ ಮನೆಯಲ್ಲಿ ಐದು ಜೀವಗಳೂ ಬಹುಕಾಲ ಸುಖವಾಗಿ ಬಾಳಿದವು; ಕೇಳಿದ ನಿಮ್ಮ ಮನೆಯಲ್ಲೂ ಹಾಗೇ ಆಗಲಿ.