ಗುಂಗುರು ಕೂದಲಿನ ಗಂಟು

"ಅಯ್ಯ ಯವ್ವಾ! ಹಣಿಗಿ ತಗೀ ನೀಲಾ! ಅದು ಗಂಟಲ್ಲ, ಜಟಿ. ದೇವಿ ಜಟಿ!"

ಪಕ್ಕದ ಮನೆಯ ಚಂದ್ರಭಾಗಾ ಮಾವಶಿ ಕೂಗಿದ ಕೂಗಿಗೆ ಅಮ್ಮನ ಕೈಯಲ್ಲಿದ್ದ ಹಣಿಗೆ ಜಾರಿ ಬಿತ್ತು. ಕಾಜಲ ತಲೆಯ ಹಿಂದೆ ಮುಟ್ಟಿ ನೋಡಿಕೊಂಡಳು. ನಿಂಬೆಹಣ್ಣಿನಷ್ಟು ದೊಡ್ಡ ಗಂಟು.

ಮೂರು ವಾರ ಜ್ವರ ಬಂದು ಹಾಸಿಗೆಯಲ್ಲೇ ಹೊರಳಾಡಿದ್ದಳಲ್ಲ, ಆಗ ಆದದ್ದು. ಕಾಜಲಳದು ಸ್ಪ್ರಿಂಗಿನಂಥ ಗುಂಗುರು ಕೂದಲು. ಅಮ್ಮನದೋ ನೆಟ್ಟಗಿನ, ನುಣುಪಾದ ಕೂದಲು. ತನ್ನ ತಲೆ ಬಾಚಿಕೊಳ್ಳುವ ಹಾಗೆಯೇ ಮಗಳದನ್ನೂ ಸಣ್ಣ ಹಲ್ಲಿನ ಹಣಿಗೆಯಿಂದ, ಒಣಗಿದ್ದಾಗಲೇ, ಬುಡದಿಂದ ಜಗ್ಗಿದ್ದಳು. ಗಂಟು ಇನ್ನಷ್ಟು ಬಿಗಿಯಾಯಿತು, ಅಷ್ಟೇ.

"ಜಟಿ ಅಂದ್ರ ಏನ್ರಿ ಮಾವಶಿ?" ಎಂದಳು ಕಾಜಲ.

"ದೇವಿ ಒಲದು ಬಂದಾಳ ಅಂತ. ಇನ್ನ ಹಣಿಗಿ ಹಚ್ಚಂಗಿಲ್ಲ, ಕತ್ರಿ ಹಚ್ಚಂಗಿಲ್ಲ. ಬಿಡಿಸಿದ್ರ ಮನಿಗಿ ಛಲೋ ಅಲ್ಲ."

ಸೋಮವಾರ ಶಾಲೆಗೆ ಹೋಗಬೇಕು. ಎರಡು ಜಡೆ ಹಾಕದಿದ್ದರೆ ಟೀಚರ್ ಬೈಯುತ್ತಾರೆ. ಅದು ಹೋಗಲಿ, ಜೀವನಪೂರ್ತಿ ಇದನ್ನು ಹೊತ್ತು ತಿರುಗುವುದೇ? "ಮಮ್ಮಿ, ನಂಗ ಬ್ಯಾಡ ಇದು!" ಎಂದು ಕಾಜಲ ಅತ್ತೇಬಿಟ್ಟಳು. ಆದರೆ ಅಮ್ಮ ಹೆದರಿದ್ದಳು. ಬಿದ್ದ ಹಣಿಗೆಯನ್ನು ಎತ್ತಿಕೊಳ್ಳಲೇ ಇಲ್ಲ.

ಮರುದಿನ, ಶನಿವಾರ, ಅಪ್ಪನ ಅಮ್ಮ ಸುಗಲಾಬಾಯಿ ಅಕ್ಕಲಕೋಟ ಕಡೆಯ ಹಳ್ಳಿಯಿಂದ ಎಸ್‌ಟಿ ಬಸ್ಸು ಹತ್ತಿ ಬಂದಳು. ಕುರಿ ಸಾಕುವ ಮನೆಯ ಅಜ್ಜಿ, ಮಾತು ಬಲು ಜೋರು. ಮೊಮ್ಮಗಳ ಗಂಟು ಕಂಡವಳೇ ಚೀಲ ಕೆಳಗಿಟ್ಟು ಅದನ್ನು ಬೆರಳಿನಿಂದ ಒತ್ತಿ ನೋಡಿದಳು.

"ಅತ್ತಿ, ಜಟಿ ಅಂತಾರ್ರಿ..." ಎಂದಳು ಅಮ್ಮ.

"ಎಣ್ಣಿ ತಾ."

"ದೇವಿ ಸಿಟ್ಟಾದ್ರ?"

"ಸಿಟ್ಟು ನನ್ನ ಮ್ಯಾಲ ಬರ್ಲಿ. ಎಣ್ಣಿ ತಾ ಅಂದ್ನಿ!"

ಅಜ್ಜಿ ಕಾಜಲಳನ್ನು ಮೆಟ್ಟಿಲ ಮೇಲೆ ಮುಂದೆ ಕೂರಿಸಿಕೊಂಡು ಬೆಚ್ಚಗಿನ ಕೊಬ್ಬರಿ ಎಣ್ಣೆ ಸುರಿದಳು. "ಕಂಬಳಿಗಿ ಕುರಿ ತುಪ್ಪಟ ಹಿಂಗs ಬಿಡಿಸ್ತಿದ್ವಿ. ಒಣಾ ಜಗ್ಗಿದ್ರ ಹರೀತದ. ಮೊದಲ ತುದಿ, ಆಮ್ಯಾಲ ಬುಡ. ಗುಂಗುರು ಕೂದ್ಲಾನೂ ಹಂಗs. ಹಣಿಗಿ ಬೇಕಂದ್ರ ದೊಡ್ಡ ಹಲ್ಲಿಂದು. ಕೇಳಿದ್ಯಾ ನೀಲಾ?"

ಅಮ್ಮ ತಲೆಯಾಡಿಸಿದಳು.

"ನಿಂದು ಸ್ಟ್ರೇಟ್ ಅದ ಅಲ್ಲಾ ಅಜ್ಜಿ. ಗುಂಗುರು ಕೂದ್ಲಾ ನಿನಗ ಹೆಂಗ ಗೊತ್ತು?"

ಅಜ್ಜಿಯ ಬೆರಳು ನಿಂತವು.

"ನನ್ನ ತಂಗಿ ಗುರುಬಾಯಿದು ಹಿಂಗs ಇತ್ತು. ನಾಗರ ಪಂಚಮ್ಯಾಗ ಬೇವಿನ ಗಿಡಕ್ಕ ಜೋಕಾಲಿ ಕಟ್ಟತಿದ್ರು. ಆಕಿ ಜೀಕಿದ್ರ ಕೂದ್ಲಾ ಮುಗಿಲಿಗಿ ಹಾರತಿದ್ವು. ನೋಡಾಕ ಏನ್ ಚಂದ ಇತ್ತು! ಆಕಿಗೂ ಜ್ವರ ಬಂತು, ಗಂಟಾತು. ಜಟಿ ಅಂದ್ರು. ಯಾರೂ ಮುಟ್ಟಲಿಲ್ಲ."

"ಆಮ್ಯಾಲ?"

"ಬೆಳೀತು, ಕಲ್ಲಿನಂಗ ಒಜ್ಜಿ ಆತು. ಕುತಗಿ ಹೊಳ್ಳಸಾಕ ಬರಲಾರದಂಗಾತು. ಜೋಕಾಲಿ ಬಿಟ್ಲು. 'ಅಕ್ಕಾ, ಒಂದೀಟು ಬಿಡಸs' ಅಂತ ಅಳತಿದ್ಲು. ನನಗ ಬಿಡಸಾಕ ಬರ್ತಿತ್ತವ್ವಾ. ಅಂಜಿದೆ. ಬಿಡಸಲಿಲ್ಲ."

"ಈಗ ಎಲ್ಲಿದ್ದಾಳ ಆಕಿ?"

"ಹೋದ್ಲು. ಜಟಿ ಹೊತಗೊಂಡs ಸತ್ಲು."

ಶನಿವಾರ ಕಳೆಯಿತು. ಭಾನುವಾರವೂ ಅಜ್ಜಿ ಮೆಟ್ಟಿಲು ಬಿಡಲಿಲ್ಲ. ಚಂದ್ರಭಾಗಾ ಮಾವಶಿ ಕಂಪೌಂಡಿನಾಚೆಯಿಂದ ಎರಡು ಸಲ ಇಣುಕಿದಳು. ಅಜ್ಜಿಯ ಮುಖ ನೋಡಿ ಎರಡು ಸಲವೂ ಒಳಗೆ ಹೋದಳು.

ಸಂಜೆಗೆ ಗಂಟು ಪೂರ್ತಿ ಬಿಟ್ಟಿತು. ಕಾಜಲ ಮುಟ್ಟಿ ನೋಡಿದಳು. ಇಲ್ಲ! ತಲೆ ಹಗುರವಾಗಿತ್ತು. ಎದ್ದು ಕುಣಿಯಬೇಕೆನಿಸಿತು.

ಆದರೆ ಅಜ್ಜಿಯ ಬೆರಳುಗಳು ಇನ್ನೂ ಆಡುತ್ತಿದ್ದವು. ಗಂಟೇ ಇಲ್ಲದ ಕೂದಲನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದವು. ಹಿಂದಿನಿಂದ ಅಜ್ಜಿ ಅಳುತ್ತ ಮೂಗು ಎಳೆದುಕೊಳ್ಳುವ ಸದ್ದು ಕೇಳಿಸಿತು.

ಗೇಟಿನ ಹತ್ತಿರ ಗೆಳತಿ ಶ್ರದ್ಧಾ ಬಂದು ನಿಂತಳು. "ಕಾಜಲ, ಆಡಾಕ ಬರ್ತೀ? ಗಂಟು ಬಿಟ್ಟಿತಾ?"

ಕಾಜಲ ಅಜ್ಜಿಯ ಮೊಣಕಾಲಿಗೆ ಒರಗಿ ಕುಳಿತಳು.

"ಇಲ್ಲ, ಇನ್ನಾ ಭಾಳ ಅದ," ಎಂದಳು. "ನೀ ಹೋಗು, ನಾ ನಾಳಿ ಬರ್ತೀನಿ."