ನಕ್ಷೆಯಲ್ಲಷ್ಟೇ ಇದ್ದ ಸಂಕ

"ಈ ಹಸಿರು ಚುಕ್ಕಿ ಇಟ್ಟೋರು ಯಾರು?"

ಬಾಳಗಡಿಯ ಕಂಪ್ಯೂಟರ್ ಸೆಂಟರಿನ ಬಾಗಿಲಲ್ಲಿ ನಿಂತವನ ದನಿಗೆ ಟೈಪಿಂಗ್ ಕಲಿಯುತ್ತಿದ್ದ ಹುಡುಗಿಯರೆಲ್ಲ ಬೆಚ್ಚಿ ತಲೆ ಎತ್ತಿದರು. ಮೊಣಕಾಲಿನವರೆಗೆ ಕೆಸರು, ಕೆಂಪಾದ ಕಣ್ಣು, ಕೈಯಲ್ಲಿ ಒದ್ದೆಯಾದ ಒಂದು ಕಲರ್ ಪ್ರಿಂಟ್.

ಪಾಠ ಹೇಳುತ್ತಿದ್ದ ದಾಕ್ಷಾಯಿಣಿಗೆ ಪ್ರಿಂಟ್ ನೋಡಿದ ಕೂಡಲೇ ಗುರುತು ಸಿಕ್ಕಿತು. ಅವಳದೇ ನಕ್ಷೆ!

"ನಾನೇ... ಎಂತ ಆಯ್ತು?"

"ಎಂತ ಆಯ್ತಾ? ನಮ್ಮಕ್ಕನಿಗೆ ಎಂಟನೇ ತಿಂಗಳಿಗೇ ನೋವು ಬಂತು. ಕುರ್ಚಿ ಮೇಲೆ ಕೂರಿಸ್ಕಂಡು ಈ ಚುಕ್ಕಿವರೆಗೂ ಹೊತ್ಕಂಡು ಹೋದ್ವಿ. ಆಚೆ ದಡದಲ್ಲಿ ಜೀಪು ನಿಂತಿತ್ತು. ಸಂಕ ಎಲ್ಲಿದೆ ಮಾರಾಯ್ತಿ? ಬರೀ ನೀರು!"

ದಾಕ್ಷಾಯಿಣಿ ಆ ಹಸಿರು ಚುಕ್ಕಿಯನ್ನೇ ನೋಡಿದಳು.

"ಅಕ್ಕ... ಹೇಗಿದಾರೆ?"

"ಸುತ್ತು ಹೊಡ್ದು ಕೊಪ್ಪದ ಆಸ್ಪತ್ರೆ ಸೇರೋಕೆ ಮೂರು ಗಂಟೆ ಹಿಡೀತು. ಅಕ್ಕ ಉಳಿದ್ಲು. ಮಗು ಗಾಜಿನ ಪೆಟ್ಟಿಗೇಲಿದೆ. ಡಾಕ್ಟ್ರು ಏನೂ ಹೇಳ್ತಿಲ್ಲ."

ಪ್ರಿಂಟನ್ನು ಮೇಜಿನ ಮೇಲೆ ಬಡಿದು ಅವನು ಹೊರಟೇಹೋದ. ಹೆಸರು ಸೋಮನಾಥ, ಊರು ಎನ್.ಆರ್. ಪುರವಂತೆ; ಅಕ್ಕನನ್ನು ಅಲ್ಲೇ ನಾರ್ವೆ ಅನ್ನುವ ಹಳ್ಳಿಗೆ ಕೊಟ್ಟಿದ್ದಂತೆ. ಹುಡುಗಿಯರು ಆಮೇಲೆ ಹೇಳಿದರು.

ತಪ್ಪು ಎಲ್ಲಿ ಆಗಿತ್ತು ಗೊತ್ತೇ?

ಆ ವರ್ಷ, ಅಂದರೆ ಎರಡು ಸಾವಿರದ ಒಂಬತ್ತರಲ್ಲಿ, ದಾಕ್ಷಾಯಿಣಿ ಅರ್ಜಿ ಹಾಕಿ ಮೂರು ತಾಲ್ಲೂಕಿನ ಕಾಲುಸಂಕಗಳ, ಅಂದರೆ ನಡೆದು ಹೊಳೆ ದಾಟುವ ಸಣ್ಣ ಸೇತುವೆಗಳ, ಸರ್ಕಾರಿ ಪಟ್ಟಿ ತರಿಸಿದ್ದಳು. ಎರಡು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು ಇಂಟರ್‌ನೆಟ್ ನಕ್ಷೆಯಲ್ಲಿ ಒಂದೊಂದೇ ಚುಕ್ಕಿ ಇಟ್ಟಳು. ಸಂಕ ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಚುಕ್ಕಿ ಒತ್ತಿದರೆ ಊರ ಹೆಸರು, ರಸ್ತೆಗೆ ಎಷ್ಟು ದೂರ, ಎಲ್ಲ ತೆರೆದುಕೊಳ್ಳುತ್ತಿತ್ತು. ಆರ್ಕುಟ್‌ನಲ್ಲಿ ಲಿಂಕ್ ಹಾಕಿದ್ದೇ ತಡ, "ಎಂಥ ಒಳ್ಳೆ ಕೆಲ್ಸ!" ಅಂತ ಹೊಗಳಿದ್ದೇ ಹೊಗಳಿದ್ದು.

ಪಟ್ಟಿ ಸುಳ್ಳಲ್ಲ. ಆದರೆ ಅದು ಮಾರ್ಚ್ ತಿಂಗಳದ್ದು. ದೊಡ್ಡ ಹೊಳೆಗೆ ದೀಪಾವಳಿ ಕಳೆದ ಮೇಲೆ ಊರವರೇ ಅಡಿಕೆ ಮರ ಜೋಡಿಸಿ ಸಂಕ ಕಟ್ಟುತ್ತಾರೆ. ಮಳೆ ಹಿಡಿಯುವ ಮುಂಚೆ, ಹೊಳೆಪಾಲಾಗದಿರಲಿ ಅಂತ ಬಿಚ್ಚಿ ದಡಕ್ಕೆ ಎಳೆದಿಡುತ್ತಾರೆ. ತಾರೀಕು ಹಾಕಿದರೆ ನಕ್ಷೆ ಗಿಜಿಗಿಜಿ ಕಾಣುತ್ತದೆ ಅಂತ ಈ ಹುಡುಗಿ ಅದನ್ನೇ ಬಿಟ್ಟಿದ್ದಳು!

'ಚೆಂದ ಕಾಣಲಿ ಅಂತ ಬಿಟ್ಟೆನಲ್ಲ... ದೇವರೇ...'

ಅವತ್ತೇ ನಕ್ಷೆ ಅಳಿಸಿದಳು. ಅಳಿಸಿದರೆ ಹೋಗುತ್ತದೆಯೇ? ಯಾರೋ ಶಿವಮೊಗ್ಗದವರು ತಮ್ಮ ಪುಟದಲ್ಲಿ ನಕಲು ಹಾಕಿಕೊಂಡಿದ್ದರು. ಐದು ಮೇಲ್ ಬರೆದಳು; ಒಂದಕ್ಕೂ ಉತ್ತರವಿಲ್ಲ. ಇನ್ನು ಜನ ತಾವೇ ತೆಗೆಸಿ ಅಂಗಡಿ ಅಂಗಡಿಯಲ್ಲಿ ಅಂಟಿಸಿದ್ದ ಪ್ರಿಂಟುಗಳು! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಹಾಗಾಯಿತು ಅವಳ ಪಾಡು.

ದಿನಾ ಕ್ಲಾಸು ಮುಗಿದ ಕೂಡಲೇ ಬಸ್ಸು ಹತ್ತುತ್ತಿದ್ದಳು. ಅಂಗಡಿಯವರ ಕೈಕಾಲು ಹಿಡಿದು ಕಾಗದ ಕೀಳುತ್ತಿದ್ದಳು. ಅಷ್ಟಾದರೂ ಆಸ್ಪತ್ರೆಯ ಮೆಟ್ಟಿಲು ಹತ್ತಲು ಮಾತ್ರ ಧೈರ್ಯ ಬರಲಿಲ್ಲ. ಎರಡು ಸಲ ಗೇಟಿನವರೆಗೆ ಹೋಗಿ ತಿರುಗಿ ಬಂದಳು. 'ಮಗು ಇಲ್ಲ ಅಂದುಬಿಟ್ಟರೆ?'

ಹಿರೇಕೊಡಿಗೆಯ ಅಂಗಡಿಯಲ್ಲಿ ಕಾಗದವೇ ಇರಲಿಲ್ಲ.

"ಬೆಳಿಗ್ಗೆ ಒಬ್ರು ಜೀಪಿನವ್ರು ಬಂದು ಹರ್ಕಂಡು ಹೋದ್ರು ತಂಗಿ. ಪುರದ ಕಡೆಯವ್ರು."

ಸೋಮನಾಥನೇ ಇರಬೇಕು ಅಂದುಕೊಂಡಳು. 'ನನ್ನ ಕೈಯಲ್ಲಿ ಆದದ್ದು ಏನೂ ಉಳಿಯಬಾರದು ಅಂತ ಹರಿಯುತ್ತಿದ್ದಾರೆ. ಹರಿಯಲಿ. ನಾನು ಅದಕ್ಕೇ ಲಾಯಕ್ಕು!'

ಮೂರು ವಾರ ಕಳೆಯಿತು. ಶೃಂಗೇರಿ ಬಸ್‌ಸ್ಟ್ಯಾಂಡಿನ ಹತ್ತಿರದ ಸುಬ್ರಾಯರ ಅಂಗಡಿಯಲ್ಲಿ ಒಂದು ಉಳಿದಿದೆ ಅಂತ ಸುದ್ದಿ ಸಿಕ್ಕಿತು.

"ಕೊಡೂದಿಲ್ಲ ಮಾರಾಯ್ತಿ! ದುಡ್ಡು ಕೊಟ್ಟು ಲ್ಯಾಮಿನೇಶನ್ ಮಾಡ್ಸಿದೀನಿ," ಅಂದರು ಸುಬ್ರಾಯರು.

"ಅದು ತಪ್ಪು ನಕ್ಷೆ ಕಣ್ರೀ... ಮಾಡಿದ್ದು ನಾನೇ..." ಅಂದವಳಿಗೆ ಅಳು ತಡೆಯಲಾಗಲಿಲ್ಲ.

"ಕೊಡಿ ಸುಬ್ರಾಯ್ರೇ. ಲ್ಯಾಮಿನೇಶನ್ ಕಾಸು ನಾನು ಕೊಡ್ತೀನಿ."

ತಿರುಗಿದಳು. ಸೋಮನಾಥ!

ಅವಳಿಗೆ ಓಡಿಹೋಗಬೇಕೆನಿಸಿತು. ಆದರೂ ಕೇಳಿಯೇಬಿಟ್ಟಳು.

"ಬಯ್ಯಿರಿ... ಏನು ಬೇಕಾದ್ರೂ ಅನ್ನಿ. ಆದ್ರೆ ಮೊದ್ಲು... ಮಗು?"

"ನಿನ್ನೆ ಪೆಟ್ಟಿಗೆಯಿಂದ ತೆಗೆದ್ರು. ಹೆಣ್ಣು ಮಗು. ಅಕ್ಕ ಮಡಿಲಲ್ಲಿ ಹಾಕ್ಕಂಡಿದಾಳೆ."

ದಾಕ್ಷಾಯಿಣಿ ಅಂಗಡಿಯ ಕಂಬ ಹಿಡಿದು ಕುಸಿದು ಕೂತಳು. ಮೂರು ವಾರದ ಭಯವೆಲ್ಲ ಬಿಕ್ಕಿಬಿಕ್ಕಿ ಹೊರಬಂತು.

ಅವನೂ ಸ್ವಲ್ಪ ದೂರದಲ್ಲಿ ಕೂತ. ತಲೆ ತಗ್ಗಿಸಿದ.

"ಒಂದು ವಿಷ್ಯ ನಾನು ಯಾರಿಗೂ ಹೇಳಿಲ್ಲ. ಅಕ್ಕನ ಅತ್ತೆ ವೀರಬಸಮ್ಮ ಹೇಳಿದ್ರು, 'ಸಂಕ ಬಿಚ್ಚಿ ಹದಿನೈದು ದಿನ ಆಯ್ತು ಕಣಪ್ಪಾ, ಆ ಕಡೆ ಹೋಗ್ಬೇಡ' ಅಂತ. ನಾನು ಈ ಕಾಗದ ತೋರಿಸಿ, 'ಸುಮ್ನಿರಿ ಅಮ್ಮಾ, ಇಂಟರ್‌ನೆಟ್ಟಲ್ಲೇ ಇದೆ' ಅಂದೆ. ಅಲ್ಲೇ ಹುಟ್ಟಿ ಬೆಳೆದೋರ ಮಾತು ಬಿಟ್ಟು ಕಾಗದ ನಂಬ್ದೆ. ಆ ಸಿಟ್ಟೆಲ್ಲ ನಿಮ್ಮ ಮೇಲೆ ಕಾರಿಬಿಟ್ಟೆ."

ಅವಳು ಕಣ್ಣೊರೆಸಿಕೊಳ್ಳುವುದನ್ನೂ ಮರೆತು ನೋಡಿದಳು. 'ಇಷ್ಟು ದಿನ ಇವರೂ ನನ್ನ ಹಾಗೇ ಬೇಯುತ್ತಿದ್ದರೇ?'

"ತಾರೀಕು ಬಿಟ್ಟಿದ್ದು ನಾನು," ಅಂದಳು.

"ಹೌದು. ತಪ್ಪು ಇಬ್ಬರದ್ದೂ ಇದೆ."

"ಶಿವಮೊಗ್ಗದವ್ರ ನಕಲು ಇನ್ನೂ ಹಾಗೇ ಇದೆ... ನನ್ನ ಕೈಲಿ ತೆಗೆಯೋಕೇ ಆಗ್ತಿಲ್ಲ."

"ನನ್ನ ಕೈಲೂ ಆಗಲ್ಲ. ಆದ್ರೆ ಊರೂರಿಗೆ ಹೋಗಿ ಹೇಳ್ಬಹುದಲ್ಲ? ಜೀಪಿದೆ."

ಸುಬ್ರಾಯರಿಗೆ ಕಾಸು ಕೊಟ್ಟು ನಕ್ಷೆ ತೆಗೆದುಕೊಂಡು ಅವನೇ ಮುಂದುವರಿಸಿದ.

"ಹೋದಲ್ಲೆಲ್ಲ, 'ಒಂದು ಹುಡ್ಗಿ ಅಳ್ತಾ ಬಂದಿದ್ಲು' ಅನ್ನೋರು. ಮೊದಲ ವಾರ ಕಾಗದ ಹರಿಯೋಕೆ ಹೋಗ್ತಿದ್ದೆ. ಆಮೇಲೆ... ನಿಮ್ಮನ್ನ ಹುಡುಕ್ಕೊಂಡು ಹೋಗ್ತಿದ್ದೆ ಕಣ್ರೀ."

ದಾಕ್ಷಾಯಿಣಿಯ ಮುಖ ರಂಗೇರಿತು.

"ಸೆಂಟರಿಗೇ ಬರಬಹುದಿತ್ತಲ್ಲ?"

"ಅವತ್ತು ಅಷ್ಟು ಕೂಗಾಡಿದ ಮೇಲೆ ಯಾವ ಮುಖ ಇಟ್ಕಂಡು ಬರ್ಲಿ?"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಅವನ ಕಣ್ಣೂ ತುಂಬಿತ್ತು.

"ದಾಕ್ಷಾಯಿಣಿ... ನಿಮ್ಮ ತಂದೆಯವ್ರನ್ನ ನೋಡೋಕೆ ನಾಳೆ ಬರ್ಲಾ?"

"ಆಷಾಢದಲ್ಲಿ ಇಂಥ ಮಾತಿಗೆ ಬರ್ತಾರೇನ್ರೀ!"

"ಶ್ರಾವಣಕ್ಕೆ ಇನ್ನೆಷ್ಟು ದಿನ?"

"ನಾಲ್ಕು," ಅಂದಳು ಅವಳು, ಲೆಕ್ಕ ಹಾಕದೆಯೇ.