ಉಜ್ಜಿ ಅಳಿಸಿದ್ದ ನಂಬರು

"ಇಂಜಿನ್ ಬೇಕಿದ್ರೆ ತಗೊಂಡ್ ಹೋಗಿ. ಅಳಿಸಿರೋ ನಂಬರ್ ಮಾತ್ರ ಎಬ್ಬಿಸಬೇಡಿ," ಎಂದಳು ಲೇತಕ್ಕ.

ಗಂಡ ಸತ್ತ ಮೇಲೆ ಅವನ ಲೇತ್ ಶೆಡ್ಡನ್ನು ಒಬ್ಬಳೇ ನಡೆಸುತ್ತಿದ್ದ ಹೆಂಗಸು. ಹೆಸರು ಹೇಗೆ ಅಂಟಿತೆಂದು ಬೇರೆ ಹೇಳಬೇಕಿಲ್ಲ. ಎದುರಿಗಿದ್ದವನು ಊರಿಗೆ ಹೊಸಬ, ನಂಬರ್ ಮೇಷ್ಟ್ರು. ಹಳೇ ಮೋಟಾರ್ ಸೈಕಲ್ಲುಗಳ ಇಂಜಿನ್ ನಂಬರ್ ಓದಿ ಮಾದರಿ, ಇಸವಿ ಹೇಳುವುದು ಅವನ ಕಸುಬು. ಮಾದರಿಯನ್ನಾದರೆ ಸದ್ದು ಕೇಳಿಯೇ ಹೇಳಿಬಿಡುತ್ತಿದ್ದ. ಇಸವಿಗೆ ಮಾತ್ರ ನಂಬರೇ ಆಗಬೇಕು.

"ಎಬ್ಬಿಸಿದ್ರೆ ಏನಕ್ಕಾ, ಎದ್ದು ಬಂದು ಕಾಫಿ ಕೇಳುತ್ತಾ?"

ಅವಳು ನಗಲಿಲ್ಲ. "ನನ್ನ ಗಂಡನಿಗೆ ಆಗದವರು ಈ ನಂಬರನ್ನ ಮಾಟಗಾರನ ಕೈಗೆ ಕೊಟ್ರು. ಈ ಗಾಡಿ ಹತ್ತಿದವನು ಜೀವಂತ ಇಳೀಬಾರದು ಅಂತ. ಮೊದಲು ಮೈದುನ ಹೋದ. ಆಮೇಲೆ ಇವರು. ಗಾಡಿ ಚೌಕಟ್ಟು, ಆ ಚಾಸೀನ, ಗುಜರಿಗೆ ಹಾಕಿದೆ. ಇಂಜಿನ್ ನಂಬರನ್ನ ನಾನೇ ಉಜ್ಜಿ ತೆಗೆದೆ. ಆ ಮಾಟ ಇನ್ನೂ ಇದರೊಳಗೇ ಇದೆ. ನಂಬರಿಲ್ದೆ ವಿಳಾಸ ಗೊತ್ತಾಗ್ದೆ ಬಿದ್ಕೊಂಡಿದೆ, ಅಷ್ಟೇ."

"ಪಾಪ, ಪೋಸ್ಟ್‌ಮನ್ ಇರಬೇಕು," ಎಂದ ಮೇಷ್ಟ್ರು. ನಾಲಿಗೆಗೆ ಲಗಾಮಿಲ್ಲದ ಮನುಷ್ಯ, ಏನು ಮಾಡುವುದು!

ಅವನಿಗೊಂದು ಆಸೆಯಿತ್ತು. ಅಮ್ಮ ಹೋದಾಗ ತಮ್ಮನಿಗೆ ಹಾಲುಹಲ್ಲು ಬಿದ್ದಿರಲಿಲ್ಲ. ತಲೆ ಬಾಚಿ, ಉಣ್ಣಿಸಿ, ಬೆನ್ನು ತಟ್ಟಿ ಮಲಗಿಸಿ ಸಾಕಿದವನು ಇವನೇ. ಆ ತಮ್ಮ ಈಗ ಓಡಿಸುತ್ತಿದ್ದುದು ಇವನೇ ಗುಜರಿಯಿಂದ ಎತ್ತಿ ತಂದ ಹಳೇ ಚಾಸಿಯ ಗಾಡಿ. ಅದಕ್ಕೆ ಕೂರಿಸಿದ್ದು ಯಾವುದೋ ಸಣ್ಣ ಇಂಜಿನ್ನು, ಹೊಲಿಗೆ ಯಂತ್ರದ ಹಾಗೆ ಸದ್ದು ಮಾಡುವಂಥದ್ದು. ಆ ಮಾದರಿಯಲ್ಲಿ ಚಾಸಿಗೂ ಇಂಜಿನ್ನಿಗೂ ಒಂದೇ ನಂಬರು. ಕಾಣೆಯಾದ ಆ ಜೋಡಿಯನ್ನು ಹುಡುಕಿ ಕೊಡುತ್ತೇನೆಂದು ತಮ್ಮನಿಗೆ ಮಾತು ಕೊಟ್ಟಿದ್ದ. ಮೇಜಿನ ಮೇಲಿದ್ದ ಇಂಜಿನ್ನು ಅದೇ ಮಾದರಿಯದು.

ಲೇತಕ್ಕ ಗಿರಾಕಿಯ ಕೂಗಿಗೆ ಹೊರಗೆ ಹೋದದ್ದೇ ತಡ, ಮೇಷ್ಟ್ರು ಶಟರ್ ಎಳೆದ. ಹಗಲಿನಲ್ಲೇ ಕತ್ತಲೆ ತುಂಬಿಕೊಂಡಿತು. ಗ್ರೀಸು, ಕಬ್ಬಿಣದ ಪುಡಿ, ಹಳೇ ಎಣ್ಣೆಯ ವಾಸನೆ. ನಂಬರ್ ಗುದ್ದುವಾಗ ಅಡಿಯ ಲೋಹಕ್ಕೂ ಪೆಟ್ಟು ಬಿದ್ದಿರುತ್ತದೆ. ಮೇಲೆ ಎಷ್ಟು ಉಜ್ಜಿದರೂ ಆ ಪೆಟ್ಟು ಅಳಿಯುವುದಿಲ್ಲ. ಅವನು ಹತ್ತಿಯಲ್ಲಿ ಆಸಿಡ್ ಅದ್ದಿ ಸವರಿದ. ಹೊಗೆ ಮೂಗಿಗೆ ಚುರ್ರೆಂದು ಹತ್ತಿತು. ಟಾರ್ಚನ್ನು ಓರೆಯಾಗಿ ಹಿಡಿದು ಕಾದ.

ಮೊದಲು ಅಕ್ಷರ ಎದ್ದಿತು. ಮಾದರಿ ಸರಿ. ನಂತರ ಎರಡು ಅಂಕಿ. ಐವತ್ತೆಂಟರ ಗಾಡಿ! ಕೊನೆಯ ಅಂಕಿಗಳು ಒಂದೊಂದಾಗಿ ಮೂಡಿದವು. ಆ ನಂಬರು ಅವನಿಗೆ ಬಾಯಿಪಾಠ. ತಮ್ಮನ ಚಾಸಿಯ ನಂಬರು.

ತಕ್ಷಣ ಫೋನು ಹಚ್ಚಿದ. "ಲೋ, ನಿನ್ನ ಗಾಡಿ ಜೋಡಿ ಸಿಕ್ತು ಕಣೋ! ಲೇತ್ ಶೆಡ್ಡಿಗೆ ಬಾ!"

"ಸುಳ್ಳು ಹೇಳ್ಬೇಡ ಅಣ್ಣಾ! ಹೊರಟೆ!"

ಶಟರ್ ಎತ್ತಿ ಒಳಬಂದ ಲೇತಕ್ಕ ಆಸಿಡ್ಡಿನ ವಾಸನೆಗೇ ನಿಂತುಬಿಟ್ಟಳು. "ಯಾರಿಗೆ ಫೋನ್ ಮಾಡಿದ್ರಿ?"

"ತಮ್ಮಂಗೆ. ಇದರ ಚಾಸಿ ಅವನ ಹತ್ರಾನೇ ಇದೆ."

ಅವಳು ಅವನ ಫೋನಿನತ್ತ ಕೈ ಚಾಚಿದಳು. "ಕರಗಿಸ್ತೀವಿ ಅಂದಿದ್ರು ಗುಜರಿಯೋರು... ಅಯ್ಯೋ, ಅವನನ್ನ ಹತ್ತಬೇಡ ಅನ್ನಿ! ಹತ್ತಬೇಡ ಅನ್ನಿ!"

ಆಗಲೇ ಮೇಜಿನ ಮೇಲಿನ ಇಂಜಿನ್ನು ಒಮ್ಮೆ ಕೆಮ್ಮಿತು.

ಅದರೊಳಗೆ ಪಿಸ್ಟನ್ ಇರಲಿಲ್ಲ. ಪ್ಲಗ್ ಇರಲಿಲ್ಲ. ಹನಿ ಪೆಟ್ರೋಲ್ ಇರಲಿಲ್ಲ. ಡುಗ್. ಮತ್ತೆ ಡುಗ್. ಮೇಜು ನಡುಗಿತು. ಮೇಷ್ಟ್ರು ತಮ್ಮನಿಗೆ ಮತ್ತೆ ಫೋನು ಹಚ್ಚಿದ. ರಿಂಗಾಯಿತು. ತಮ್ಮ ಎತ್ತಲಿಲ್ಲ. ಗ್ರೈಂಡರ್ ಹಿಡಿದು ನಂಬರಿನ ಮೇಲೆ ಒತ್ತಿದ. ಕಿಡಿ ಹಾರಿತು. ಉಜ್ಜಿದಷ್ಟೂ ಅಂಕಿಗಳು ಎದ್ದವು. ಮತ್ತೆ ಉಜ್ಜಿದ. ಮತ್ತೂ ಎದ್ದವು. "ಬೇಡ, ದಮ್ಮಯ್ಯ, ನನ್ನ ಹಿಡ್ಕೋ, ಅವನು ಬೇಡ," ಎಂದು ಅತ್ತ. ಡುಗ್ ಡುಗ್ ಡುಗ್. ಸುಟ್ಟ ಕೂದಲಿನ ವಾಸನೆ.

ನಿಂತಿತು.

ಅವನು ಟಾರ್ಚ್ ಹಿಡಿದು ನೋಡಿದ. ಲೋಹ ನುಣ್ಣಗಿತ್ತು. ಒಂದು ಅಂಕಿಯೂ ಉಳಿದಿರಲಿಲ್ಲ. ಲೇತಕ್ಕ ಗೋಡೆಗೊರಗಿ ಕೂತಳು. "ವಿಳಾಸ ಸಿಕ್ಕಿತು ಅದಕ್ಕೆ," ಎಂದಳು.

ಫೋನು ಹೊಡೆದುಕೊಂಡಿತು. ತಮ್ಮನದೇ ನಂಬರು. ಎತ್ತಿದರೆ ಯಾರೋ ಅಪರಿಚಿತ.

"ಸಾರ್, ಈ ಫೋನಿನವರ ಅಣ್ಣಾನಾ? ಬೇಗ ಬನ್ನಿ ಸಾರ್. ಗಾಡಿಗೆ ಒಂದು ಗೀರೂ ಇಲ್ಲ, ಹುಡುಗ ಮಾತ್ರ... ಇನ್ನೊಂದು ಸಾರ್, ಕೀ ತೆಗೆದ್ರೂ ಗಾಡಿ ಆಫ್ ಆಗ್ತಿಲ್ಲ. ಹೇಗೆ ನಿಲ್ಲಿಸೋದು ಇದನ್ನ?"

ಅವನ ಮಾತಿನ ಹಿಂದೆ ಸದ್ದು ಕೇಳುತ್ತಿತ್ತು. ಹೊಲಿಗೆ ಯಂತ್ರದ ಸದ್ದಲ್ಲ. ಡುಗ್ ಡುಗ್ ಡುಗ್. ಮೇಷ್ಟ್ರು ಫೋನನ್ನು ಕಿವಿಗೊತ್ತಿಕೊಂಡು ಕೇಳುತ್ತ ನಿಂತ. ಮಾದರಿ ಗೊತ್ತಾಯಿತು. ಈ ಸಲ ಇಸವಿಯೂ ಗೊತ್ತಿತ್ತು.